ಲಾ ಓದದವರಿಗೆ ಪರಿಸರ ಕಾನೂನು ಒಗ್ಗುತ್ತದೆಯೇ?

ಪ್ರಶ್ನೆ: ನಾನು ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಪರಿಸರ ಕಾನೂನಿನ ಪೇಪರ್ ಇದೆ. ನೀರಿನ ಸ್ಯಾಂಪಲ್ ಕೊಟ್ಟರೆ ಟೆಸ್ಟ್ ಮಾಡಿ ರಿಪೋರ್ಟ್ ಬರೆಯಬಲ್ಲೆ, ಆದರೆ ಕೋರ್ಟ್ ತೀರ್ಪು ಹಿಡಿದರೆ ಎರಡೇ ಪುಟಕ್ಕೆ ತಲೆ ಕೆಡುತ್ತದೆ. ಮುಂದೆ ಇದರಲ್ಲೇ ಸಂಶೋಧನೆ ಮಾಡುವ ಆಸೆ. ಎಲ್‌ಎಲ್‌ಬಿ ಇಲ್ಲದೆ ಆಗುತ್ತಾ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. ವಕೀಲರಾಗಿ ವಾದ ಮಾಡಬೇಕೆಂದರೆ ಎಲ್‌ಎಲ್‌ಬಿ ಬೇಕೇ ಬೇಕು, ಅದನ್ನು ಪದವಿ ಆದಮೇಲೆ ಮೂರು ವರ್ಷದಲ್ಲಿ ಮಾಡಿಕೊಳ್ಳಬಹುದು. ಓದಿ ಅರ್ಥ ಮಾಡಿಕೊಳ್ಳಲು, ಬರೆಯಲು ಅದು ಬೇಡ.

ದಪ್ಪ ಪಠ್ಯಪುಸ್ತಕದ ಮೊದಲ ಪುಟದಿಂದ ಮಾತ್ರ ಶುರು ಮಾಡಬೇಡಿ. 1974ರ ಜಲ ಮಾಲಿನ್ಯ ಕಾಯ್ದೆ ತೆಗೆದುಕೊಳ್ಳಿ, ಮೊದಲು ಸೆಕ್ಷನ್ 2 ಓದಿ. ಎಲ್ಲರೂ ಹಾರಿಸಿಬಿಡುವ ಭಾಗ ಅದು. ಅಲ್ಲಿ ಹೊಳೆ, ಹಳ್ಳ ಎಂದರೆ ಹರಿಯುವ ನೀರು ಮಾತ್ರ ಅಲ್ಲ, ಸದ್ಯಕ್ಕೆ ಒಣಗಿರುವ ಹಳ್ಳವೂ ಸೇರಿದೆ, ನೆಲದಡಿಯ ನೀರೂ ಸೇರಿದೆ. ಆಮೇಲೆ ಸೆಕ್ಷನ್ 24ಕ್ಕೆ ಬನ್ನಿ, ಅಂಥ ಹೊಳೆ, ಹಳ್ಳಗಳಿಗೆ ವಿಷ ಬಿಡಬಾರದು ಎನ್ನುವುದು ಅಲ್ಲಿದೆ. ಎರಡನ್ನೂ ಸೇರಿಸಿ ಓದಿದರೆ, ಬೇಸಿಗೆಯಲ್ಲಿ ಬತ್ತಿದ ಹಳ್ಳಕ್ಕೆ ಕಾರ್ಖಾನೆ ಕೊಳಕು ಬಿಟ್ಟು 'ಇಲ್ಲಿ ನೀರೇ ಇಲ್ಲವಲ್ಲ' ಎಂದು ತಪ್ಪಿಸಿಕೊಳ್ಳುವಂತಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ತೀರ್ಪು ಓದುವಾಗ ವಿಜ್ಞಾನದವರು ಎಡವುವುದು ಒಂದೇ ಕಡೆ. ಕೆರೆಗೆ ಯಾವುದು ಒಳ್ಳೆಯದು ಅಂತ ನಾವು ಕೇಳುತ್ತೇವೆ, ಕೋರ್ಟು ಅದನ್ನು ಹೇಳುವ ಅಧಿಕಾರ ಯಾರಿಗಿದೆ ಅಂತಲೂ ಕೇಳುತ್ತದೆ. ಬೆಂಗಳೂರಿನ ಅಗರ, ಬೆಳ್ಳಂದೂರು ಕೆರೆಗಳ ನಡುವಿನ ಕಟ್ಟಡ ಯೋಜನೆಗಳ ಪ್ರಕರಣ ನೋಡಿ. 2016ರಲ್ಲಿ ಪರಿಸರದ ಕೇಸುಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕೆರೆಯಿಂದ 75 ಮೀಟರ್ ಜಾಗ ಖಾಲಿ ಬಿಡಬೇಕು ಎಂದಿತು. ನಗರದ ಮಾಸ್ಟರ್ ಪ್ಲಾನಿನಲ್ಲಿ ಇದ್ದದ್ದು 30 ಮೀಟರ್. 2019ರಲ್ಲಿ ಸುಪ್ರೀಂ ಕೋರ್ಟ್ ಆ 75 ಮೀಟರನ್ನು ರದ್ದು ಮಾಡಿತು. ಕೆರೆಗೆ ಅಷ್ಟು ಜಾಗ ಬೇಡ ಅಂತಲ್ಲ, ಕಾನೂನು ಪ್ರಕಾರ ಆಗಿರುವ ಪ್ಲಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅಂತ. ನನಗೆ ಈ ಫಲಿತಾಂಶ ಇವತ್ತಿಗೂ ಸಂಕಟ ತರುತ್ತದೆ, ಆದರೆ ಕಾನೂನು ಹೇಗೆ ಯೋಚಿಸುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ತೀರ್ಪು ಸಿಗುವುದು ಕಷ್ಟ. ಮೊದಲು ಏನಾಯಿತು ಅನ್ನುವ ಭಾಗ ಓದಿ, ನೇರ ಕೊನೆಯ ಆದೇಶಕ್ಕೆ ಹೋಗಿ, ಆಮೇಲೆ ನಡುವಿನ ವಾದಕ್ಕೆ ವಾಪಸ್ ಬನ್ನಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ನಂತರ 1996ರ ವೆಲ್ಲೂರು ತೀರ್ಪು. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಕೇಸು ಅದು. ತನ್ನ ಕೆಲಸದಿಂದ ಪರಿಸರಕ್ಕೆ ಹಾನಿ ಇಲ್ಲ ಅಂತ ತೋರಿಸುವ ಹೊಣೆ ಕಾರ್ಖಾನೆಯವರದ್ದೇ ಎಂದು ಕೋರ್ಟ್ ಹೇಳಿತು. ಹಾಗಾದರೆ ಅವರು ತರುವ ಲ್ಯಾಬ್ ರಿಪೋರ್ಟು ಸರಿಯೋ ತಪ್ಪೋ ನೋಡುವವರು ಯಾರು? ನಿಮ್ಮಂಥವರೇ ಅಲ್ವಾ? ಸ್ಯಾಂಪಲ್ ಎಲ್ಲಿ ತೆಗೆದರು, ಮಳೆಗಾಲದಲ್ಲೋ ಬೇಸಿಗೆಯಲ್ಲೋ ಅಂತ ಲಾ ಓದಿದ ಎಷ್ಟೋ ಜನರಿಗೆ ಕೇಳಲೂ ಹೊಳೆಯುವುದಿಲ್ಲ. ಇಂಥ ವಿಜ್ಞಾನದ ಪ್ರಶ್ನೆಗಳನ್ನು ನ್ಯಾಯಾಧೀಶರಷ್ಟೇ ತೀರ್ಮಾನಿಸುವುದು ಕಷ್ಟ ಎಂದು ಸುಪ್ರೀಂ ಕೋರ್ಟೇ 1999ರಲ್ಲಿ, ಆಂಧ್ರದ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಾಯುಡು ನಡುವಿನ ಪ್ರಕರಣದಲ್ಲಿ ಒಪ್ಪಿಕೊಂಡಿತ್ತು. 2010ರ ಕಾಯ್ದೆಯಿಂದ ಬಂದ ಹಸಿರು ನ್ಯಾಯಮಂಡಳಿಯಲ್ಲಿ ನ್ಯಾಯಾಧೀಶರ ಜೊತೆ ತಜ್ಞ ಸದಸ್ಯರೂ ಕೂರುತ್ತಾರೆ. ಅವರಿಗೆ ಕಾನೂನು ಪದವಿ ಇರಲೇಬೇಕೆಂದಿಲ್ಲ.

ಇನ್ನೊಂದು ಮಾತು. ನಿಮ್ಮ ಜಿಲ್ಲೆಯಲ್ಲಿ ಗಣಿಗೋ ಕಾರ್ಖಾನೆಗೋ ಸಾರ್ವಜನಿಕ ಅಹವಾಲು ಸಭೆ ಕರೆದರೆ ತಪ್ಪಿಸಬೇಡಿ. 30 ದಿನ ಮೊದಲೇ ಪೇಪರಿನಲ್ಲಿ ಪ್ರಕಟಣೆ ಬರಬೇಕು, ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎನ್ನುವ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅದನ್ನು ತಂದು ಓದಿ, ಅಂಕಿಗಳಲ್ಲಿ ಅನುಮಾನ ಬಂದರೆ ಬರವಣಿಗೆಯಲ್ಲೇ ಕೊಡಿ.