ಹಣವೇ ಕಾರಣ ಅಂದರೆ ಸಾಲದು

ನಮಸ್ಕಾರ.

ನೀವು ಕಳಿಸಿದ ‘ಹಣ ಆಳಿದ ಜಗತ್ತು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಅದನ್ನು ನೀವು ಹೊರಗೆ ತೆಗೆಯಬೇಕು ಅಂತ ನನಗೆ ತುಂಬಾ ಆಸೆ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವಸ್ತು ವಿನಿಮಯದಿಂದ ಶುರು ಮಾಡಿ ಬಿಟ್‌ಕಾಯಿನ್‌ವರೆಗೆ ಬಂದಿದ್ದೀರಿ. ನಡುವೆ ಸ್ಪೇನಿನ ಬೆಳ್ಳಿ, ವಾಟರ್ಲೂ, ಹಿಟ್ಲರ್, ಸೂಯೆಜ್, ನಿಕ್ಸನ್ ಎಲ್ಲರೂ ಬಂದು ಹೋಗುತ್ತಾರೆ. ಪ್ರತಿಯೊಂದಕ್ಕೂ ಒಂದು ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ ‘ಇಲ್ಲೂ ಹಣವೇ ಕಾರಣ’ ಅನ್ನುವ ಮಾತು. ಎರಡು ಮೂರು ಸಲ ಓದಿದ ಮೇಲೆ ಆ ಮಾತಿಗೆ ತೂಕ ಉಳಿಯುವುದಿಲ್ಲ. ಹಣ ಯಾರ ಹತ್ತಿರ ಇತ್ತು, ಯಾರಿಗೆ ಬೇಕಿತ್ತು, ಯಾವ ಷರತ್ತಿನ ಮೇಲೆ ಕೊಟ್ಟರು, ಯಾವತ್ತು ಕೊಡಲ್ಲ ಅಂದರು, ಆಮೇಲೆ ಏನು ನಿಂತುಹೋಯಿತು, ಇಷ್ಟನ್ನು ಹೇಳಿ. ಆಗ ‘ಕಾರಣ’ ಅನ್ನುವ ಪದವನ್ನೇ ಬರೆಯಬೇಕಾಗಿಲ್ಲ, ಓದುವವರಿಗೇ ಗೊತ್ತಾಗುತ್ತದೆ.

ಜರ್ಮನಿಯ ಭಾಗ ನೋಡಿ. 1923ರ ಹಣದುಬ್ಬರ ಹಿಟ್ಲರನನ್ನು ತಂದಿತು ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ತುಂಬ ಜನ ಹೀಗೇ ಹೇಳುತ್ತಾರೆ, ಆದರೆ ವರ್ಷಗಳು ತಾಳೆಯಾಗುವುದಿಲ್ಲ. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿದ್ದು ನಿಜ. ಅದೇ ತಿಂಗಳು ಹೊಸ ಮಾರ್ಕ್ ಬಂದು ಬೆಲೆಗಳು ಹಿಡಿತಕ್ಕೆ ಬಂದಿದ್ದೂ ನಿಜ. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಬರೀ ಶೇ. 2.6 ಮತ. 1932ರ ಜುಲೈನಲ್ಲಿ ಅದು ಶೇ. 37 ದಾಟಿತು. ನಡುವೆ ಆಗಿದ್ದು ಬೇರೆಯೇ: ಅಮೆರಿಕದಿಂದ ಬರುತ್ತಿದ್ದ ಸಾಲ ನಿಂತಿತು, 1931ರಲ್ಲಿ ದೊಡ್ಡ ಬ್ಯಾಂಕುಗಳು ಬಿದ್ದವು, ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬ್ರೂನಿಂಗ್ ಅವರ ಸರ್ಕಾರ ಸಂಬಳ ಕತ್ತರಿಸಿ ತೆರಿಗೆ ಏರಿಸಿತು, ಬೆಲೆಗಳು ಏರುವುದಿರಲಿ ಇಳಿಯುತ್ತಾ ಹೋದವು, ಕೆಲಸ ಇಲ್ಲದವರ ಸಂಖ್ಯೆ 60 ಲಕ್ಷ ಮುಟ್ಟಿತು. ಹಾಗಂತ 1923ಕ್ಕೆ ಇಲ್ಲಿ ಪಾತ್ರವೇ ಇಲ್ಲ ಅಂತಲ್ಲ. ಕೂಡಿಟ್ಟಿದ್ದೆಲ್ಲ ಕಳೆದುಕೊಂಡ ಜನ ಅದನ್ನು ಮರೆತಿರಲಿಲ್ಲ. ನೋಟು ಅಚ್ಚು ಹಾಕಿದರೆ ಮತ್ತೆ ಅದೇ ಆಗುತ್ತದೆ ಅನ್ನುವ ಭಯ ಸರ್ಕಾರದ ಕೈ ಕಟ್ಟಿಹಾಕುವುದರಲ್ಲಿ ಪಾಲು ಪಡೆದಿತ್ತು. ಈ ಕೊಂಡಿ ನಿಮ್ಮ ವಾಕ್ಯಕ್ಕಿಂತ ಎಷ್ಟೋ ಚೆನ್ನಾಗಿದೆ ಅಲ್ವಾ?

1815ರಲ್ಲಿ ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ ಕಥೆಯನ್ನು ದಯವಿಟ್ಟು ಪೂರ್ತಿ ತೆಗೆದುಬಿಡಿ. ಲಂಡನ್ನಿನ ಯಹೂದಿ ಬ್ಯಾಂಕರ್ ನಾಥನ್ ರಾತ್ಸ್‌ಚೈಲ್ಡ್ ಯುದ್ಧದ ಸುದ್ದಿಯನ್ನು ಮುಚ್ಚಿಟ್ಟು, ಷೇರುಪೇಟೆ ಬೀಳಿಸಿ, ಒಂದೇ ದಿನದಲ್ಲಿ ಇಂಗ್ಲೆಂಡನ್ನೇ ಕೊಂಡುಕೊಂಡ ಎಂದು ಬರೆದಿದ್ದೀರಿ. ಇದು 1846ರಲ್ಲಿ ಪ್ಯಾರಿಸ್‌ನಲ್ಲಿ ಸುಳ್ಳು ಹೆಸರಿಟ್ಟುಕೊಂಡು ಅಚ್ಚು ಹಾಕಿಸಿದ ಒಂದು ಕಿರುಪುಸ್ತಿಕೆಯಿಂದ ಹರಡಿದ ಕಥೆ. ಅಷ್ಟು ಹೊತ್ತಿಗೆ ನಾಥನ್ ತೀರಿಕೊಂಡು 10 ವರ್ಷ ಆಗಿತ್ತು. ಯಹೂದಿಗಳ ಮೇಲೆ ದ್ವೇಷ ಹಚ್ಚಲು ಅದನ್ನು ಆಮೇಲೆ ನಾಜಿಗಳೂ ಬಳಸಿಕೊಂಡರು. ಹಣದ ಚರಿತ್ರೆ ಬರೆಯುವವರು ಈ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು, ಯಾಕೆಂದರೆ ‘ತೆರೆಮರೆಯಲ್ಲಿ ಕೂತ ನಾಲ್ಕು ಜನ’ ಅನ್ನುವ ಕಥೆ ಓದಲು ರೋಚಕ, ಬರೆಯಲು ಸುಲಭ, ಅದರಿಂದ ಸತ್ತವರ ಲೆಕ್ಕ ಮಾತ್ರ ಭಯಂಕರ.

ವಸ್ತು ವಿನಿಮಯದ ಪೀಠಿಕೆಯೂ ಬೇಡ. ಈಗಿನ ಟರ್ಕಿಯಲ್ಲಿದ್ದ ಲಿಡಿಯಾದಲ್ಲಿ ಮೊದಲ ನಾಣ್ಯ ಬಂದಿದ್ದು ಕ್ರಿ.ಪೂ. 7ನೇ ಶತಮಾನದಲ್ಲಿ. ಅದಕ್ಕೆ ಸಾವಿರಾರು ವರ್ಷ ಮೊದಲೇ ಮೆಸೊಪೊಟೇಮಿಯಾದವರು ಬಾರ್ಲಿ, ಬೆಳ್ಳಿಯ ಬಾಕಿಯನ್ನು ಮಣ್ಣಿನ ಹಲಗೆ ಮೇಲೆ ಬರೆದಿಡುತ್ತಿದ್ದರು. ಅಂದರೆ ನಾಣ್ಯಕ್ಕಿಂತ ಮೊದಲೇ ಸಾಲದ ಲೆಕ್ಕ ಇತ್ತು, ಮೊದಲು ವಿನಿಮಯ ಆಮೇಲೆ ನಾಣ್ಯ ಅನ್ನುವ ಸರಳ ಕಥೆ ನಿಲ್ಲುವುದಿಲ್ಲ.

ಈಗ ನಿಮ್ಮ ಲೇಖನದ ಜೀವ ಇರುವ ಜಾಗಕ್ಕೆ ಬರುತ್ತೇನೆ. ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ನಡೆದ ಯುದ್ಧದ ಬಗ್ಗೆ ನೀವು ಬರೆದಿದ್ದು ಆರೇ ಸಾಲು, ಆದರೆ ಅಲ್ಲಿ ಒಂದು ಕಡೆ ‘ಬ್ರಿಟನ್ ಯುದ್ಧಭೂಮಿಯಲ್ಲಿ ಸೋಲಲಿಲ್ಲ’ ಅಂದಿದ್ದೀರಿ. ನಾನು ಓದುವುದನ್ನು ನಿಲ್ಲಿಸಿ ಯೋಚಿಸಿದ್ದು ಅಲ್ಲೇ. ಇಡೀ ಲೇಖನ ಇದೊಂದರ ಮೇಲೇ ನಿಲ್ಲಬಹುದು.

1956ರ ಜುಲೈನಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಗೆ ಇಸ್ರೇಲ್ ದಾಳಿ ಮಾಡಿತು, ಹಿಂದೆಯೇ ಬ್ರಿಟನ್ ಮತ್ತು ಫ್ರಾನ್ಸ್ ಇಳಿದವು. ನವೆಂಬರ್ 6ರಂದು, ಸೈನ್ಯ ಕಾಲುವೆಯುದ್ದಕ್ಕೂ ಮುಂದೆ ಹೋಗುತ್ತಿರುವಾಗಲೇ, ಲಂಡನ್ ಕದನ ವಿರಾಮಕ್ಕೆ ಒಪ್ಪಿಕೊಂಡಿತು. ಯಾಕೆ? ಒಂದು ಪೌಂಡ್‌ಗೆ 2.80 ಡಾಲರ್ ಎಂದು ದರ ಕಟ್ಟಿಟ್ಟಿದ್ದರು. ಅದನ್ನು ಉಳಿಸಿಕೊಳ್ಳಬೇಕಾದರೆ ಜನ ಪೌಂಡ್ ಮಾರಿದಾಗಲೆಲ್ಲ ಬ್ರಿಟನ್ ತನ್ನ ಡಾಲರ್ ಕೊಟ್ಟು ಕೊಳ್ಳಬೇಕು. ಯುದ್ಧ ಶುರುವಾದ ಕೂಡಲೇ ಎಲ್ಲರೂ ಪೌಂಡ್ ಮಾರಲು ನಿಂತರು, ನವೆಂಬರ್ ಒಂದೇ ತಿಂಗಳಲ್ಲಿ 27.9 ಕೋಟಿ ಡಾಲರ್ ಖಾಲಿಯಾಯಿತು. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆ ಮುಚ್ಚಿದ್ದರಿಂದ ಕಚ್ಚಾ ತೈಲವನ್ನೂ ಬೇರೆ ಕಡೆಯಿಂದ ಡಾಲರ್ ಕೊಟ್ಟೇ ತರಬೇಕಾಯಿತು. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನಿಂದ ಹಣ ಎತ್ತೋಣ ಅಂದರೆ, ಸೈನ್ಯ ವಾಪಸ್ ಹೋಗುವವರೆಗೂ ಆಗಲ್ಲ ಎಂದು ಅಮೆರಿಕ ಪಟ್ಟು ಹಿಡಿಯಿತು. ಯುದ್ಧ ಬೇಕೇ ಬೇಕು ಅಂತಿದ್ದ ಹಣಕಾಸು ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಅವರೇ ನಿಲ್ಲಿಸೋಣ ಅನ್ನತೊಡಗಿದರು. ಡಿಸೆಂಬರ್‌ನಲ್ಲಿ, ಸೈನ್ಯ ಹಿಂತೆಗೆಯುತ್ತೇವೆ ಎಂದು ಘೋಷಿಸಿದ ಮೇಲೆ, ಐಎಂಎಫ್ ಬಾಗಿಲು ತೆರೆಯಿತು. ಸುಮಾರು 130 ಕೋಟಿ ಡಾಲರ್ ಮಂಜೂರಾಯಿತು. ಜನವರಿಯಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು, ಆ ಕುರ್ಚಿಗೆ ಬಂದವರು ಮ್ಯಾಕ್‌ಮಿಲನ್.

ನೀವು ಬಿಟ್ಟಿರುವ ಒಂದು ವಿಷಯ ಇದಕ್ಕಿಂತ ದೊಡ್ಡದು. ಫ್ರಾನ್ಸ್ ದಾಳಿಗೆ ಮೊದಲೇ, ಅಕ್ಟೋಬರ್‌ನಲ್ಲೇ, ಐಎಂಎಫ್‌ನಿಂದ 26 ಕೋಟಿ ಡಾಲರ್‌ಗಿಂತ ಜಾಸ್ತಿ ಹಣಕ್ಕೆ ಒಪ್ಪಿಗೆ ಪಡೆದಿಟ್ಟುಕೊಂಡಿತ್ತು. ಬ್ರಿಟನ್ ಆ ಕೆಲಸ ಮಾಡಿರಲಿಲ್ಲ. ಯುದ್ಧ ಒಂದೇ, ಎದುರಾಳಿ ಒಬ್ಬನೇ, ಅಮೆರಿಕದ ಸಿಟ್ಟೂ ಇಬ್ಬರ ಮೇಲೂ ಇತ್ತು. ಆದರೂ ಹಣಕ್ಕಾಗಿ ಮಣಿಯಬೇಕಾದ ಒತ್ತಡ ಬಿದ್ದಿದ್ದು ಬ್ರಿಟನ್ ಮೇಲೆ. ಫ್ರಾನ್ಸ್ ಇನ್ನೂ ಮುಂದೆ ಹೋಗೋಣ ಅನ್ನುತ್ತಿತ್ತು, ಜೊತೆಯವನು ನಿಂತಿದ್ದರಿಂದ ಅದೂ ನಿಲ್ಲಬೇಕಾಯಿತು. ಹಣ ಎಷ್ಟು ಕೆಲಸ ಮಾಡಿತು ಅಂತ ಅಳೆಯಲು ಹೀಗೆ ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಚರಿತ್ರೆಯಲ್ಲಿ ಸಿಗುವುದೇ ಅಪರೂಪ, ಇದನ್ನು ಬಿಡಬೇಡಿ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಸೋವಿಯತ್ ಬೆದರಿಕೆ ಇತ್ತು, ವಿಶ್ವಸಂಸ್ಥೆಯ ನಿರ್ಣಯ ಇತ್ತು, ಬ್ರಿಟನ್ ಒಳಗೇ ಜನ ಬೀದಿಗಿಳಿದಿದ್ದರು. ಇವುಗಳನ್ನು ಮುಚ್ಚಿಟ್ಟು ಪೌಂಡ್ ಒಂದನ್ನೇ ತೋರಿಸಿದರೆ ವಿಷಯ ಗೊತ್ತಿರುವ ಮೊದಲ ಓದುಗರೇ ನಿಮ್ಮನ್ನು ನಂಬುವುದಿಲ್ಲ. ಎಲ್ಲವನ್ನೂ ಇಟ್ಟು, ಇದರಲ್ಲಿ ಹಣದ ಪಾಲು ಇಷ್ಟು ಅಂತ ವಾದ ಮಾಡಿ. ಅಂಕಿಗಳನ್ನು ‘ಇಂದಿನ ಬೆಲೆಯಲ್ಲಿ’ ಅಂತ ಪರಿವರ್ತಿಸಲು ಹೋಗಬೇಡಿ, ಬದಲಿಗೆ ಆಗ ಖಜಾನೆಯಲ್ಲಿ ಎಷ್ಟಿತ್ತು ಅನ್ನುವುದರ ಪಕ್ಕದಲ್ಲಿ ಇಡಿ.

1,500 ಪದ ಸಾಕು. ಬರೆಯಲು ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಫ್ರಾನ್ಸ್ ಮಾಡಿದ್ದನ್ನು ಬ್ರಿಟನ್ ಯಾಕೆ ಮಾಡಲಿಲ್ಲ? ಆಗಿನ ಬ್ರಿಟಿಷ್ ಸಚಿವ ಸಂಪುಟದ ಕಡತಗಳು ಈಗ ಎಲ್ಲರಿಗೂ ಓದಲು ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ಸಿಕ್ಕಿದ್ದನ್ನು ಕರಡಾಗಿದ್ದರೂ ಪರವಾಗಿಲ್ಲ, ನನಗೆ ಕಳಿಸಿ.