ಹಳೇ ಕಂಪ್ಯೂಟರ್ ಸಿಕ್ಕಿದೆ, ಪ್ಲಗ್ ಹಾಕಲೇ?

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯವು. ಯಾರೋ ಎಸೆದ, ಇಲ್ಲವೇ ಅಟ್ಟದಲ್ಲಿ ಮರೆತುಹೋದ ಕಂಪ್ಯೂಟರ್ ಕೈಗೆ ಬಂದಿದೆ, ಅದಕ್ಕೆ ಮತ್ತೆ ಜೀವ ಬರಬೇಕು. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದ ಇದೆ, ಯಾಕಂದ್ರೆ ಅಲ್ಲಿ ಎಡವಿದರೆ ಉಳಿದ ಐದನ್ನು ಕೇಳುವ ಅವಕಾಶವೇ ಇರುವುದಿಲ್ಲ.

ಪ್ರಶ್ನೆ: ಗುಜರಿ ರಾಶಿಯಲ್ಲಿ 486 ಪ್ರೊಸೆಸರಿನ ಒಂದು ಹಳೇ ಟವರ್ ಕಂಪ್ಯೂಟರ್ ಸಿಕ್ಕಿತು. ಎಷ್ಟೋ ವರ್ಷದಿಂದ ಆನ್ ಆಗಿಲ್ಲವಂತೆ. ಹೊರಗಿನಿಂದ ಚೆನ್ನಾಗಿದೆ. ಸುಮ್ನೆ ಒಂದ್ಸಲ ಪ್ಲಗ್ ಹಾಕಿ ನೋಡಬಹುದಾ?

ಉತ್ತರ: ಬೇಡ. ನಿಮ್ಮ ಆಸೆ ಅರ್ಥವಾಗುತ್ತದೆ, ನನಗೂ ಕೈ ತುರಿಸುತ್ತದೆ. ಆದರೆ ಗುಜರಿಯಲ್ಲಿ ಮಳೆ ಧೂಳು ತಡೆದುಕೊಂಡು ಉಳಿದ ಎಷ್ಟೋ ಯಂತ್ರಗಳು ಮನೆಗೆ ಬಂದ ಮೊದಲ ಸಂಜೆಯೇ ಸಾಯುತ್ತವೆ, ಅದೂ ಅವನ್ನು ಉಳಿಸಬೇಕು ಅಂತ ಹೊತ್ತು ತಂದವರ ಕೈಯಲ್ಲೇ.

ಮೊದಲು ಮುಚ್ಚಳ ತೆಗೆಯಿರಿ. ಒಂದು ವೈರ್ ಎಳೆಯುವ ಮುಂಚೆ ಎಲ್ಲ ಕಡೆಯಿಂದ ಫೋಟೊ ಹೊಡೆದುಕೊಳ್ಳಿ. ಯಾವ ಕೇಬಲ್ ಎಲ್ಲಿಗೆ ಹೋಗಿದೆ, ಅದರ ಕೆಂಪು ಅಂಚು ಯಾವ ಕಡೆಗಿದೆ, ಯಾವ ಜಂಪರ್ (ಎರಡು ಪಿನ್ ಕೂಡಿಸುವ ಚಿಕ್ಕ ಟೊಪ್ಪಿ) ಯಾವ ಪಿನ್ ಮೇಲಿದೆ, ಎಲ್ಲ ಸ್ಪಷ್ಟ ಕಾಣಬೇಕು. ಆ ಕಾಲದ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್ ವೇಗವನ್ನೂ ಜಂಪರ್ ಹಾಕಿಯೇ ಹೊಂದಿಸುತ್ತಿದ್ದರು. ಬೋರ್ಡಿನ ಕೈಪಿಡಿ ಸಿಗದಿದ್ದರೆ ನಿಮಗೆ ಆ ಫೋಟೊ ಒಂದೇ ಆಧಾರ.

ಆಮೇಲೆ ಕೀಬೋರ್ಡ್ ಚುಚ್ಚುವ ದುಂಡಗಿನ ಸಾಕೆಟ್ ಇದೆಯಲ್ಲ, ಅದರ ಸುತ್ತಮುತ್ತ ನೋಡಿ. ಹೆಬ್ಬೆರಳಿನಷ್ಟು ದಪ್ಪದ, ಪೀಪಾಯಿಯಂಥ ಬ್ಯಾಟರಿ ಇದೆಯಾ? ಸಾಮಾನ್ಯವಾಗಿ ನೀಲಿ ಅಥವಾ ಹಸಿರು ಹೊದಿಕೆ, ಮೇಲೆ 3.6 ವೋಲ್ಟ್ ಅಂತ ಬರೆದಿರುತ್ತದೆ. ಗಡಿಯಾರ ನಡೆಯಲಿ, ಸೆಟ್ಟಿಂಗ್ ನೆನಪಿರಲಿ ಅಂತ ಇಟ್ಟ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ವಯಸ್ಸಾದಂತೆ ಸೋರುತ್ತದೆ. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡಿನ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ, ಅದಕ್ಕೆ ಕರೆಂಟ್ ಏನೂ ಬೇಕಿಲ್ಲ, ಯಂತ್ರ ಮೂಲೆಯಲ್ಲಿ ಮಲಗಿದ್ದರೂ ಆ ಕೆಲಸ ಹಗಲು ರಾತ್ರಿ ನಡೆದೇ ಇರುತ್ತದೆ. ಹಾಗಾಗಿ ರಿಪೇರಿಗೆ ಈಗ ಪುರುಸೊತ್ತಿಲ್ಲ ಅಂತಾದರೂ ಪರವಾಗಿಲ್ಲ, ಈ ಬ್ಯಾಟರಿಯನ್ನು ಮಾತ್ರ ಇವತ್ತೇ ಕತ್ತರಿಸಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ.

ನನ್ನ ಕೈಗೆ ಬಂದ ಒಂದು 386 ಬೋರ್ಡಿನಲ್ಲಿ ಬ್ಯಾಟರಿ ಸುತ್ತ ಹಸಿರು ಪುಡಿ ಕೂತಿತ್ತು, ಹಳೇ ತಾಮ್ರದ ಪಾತ್ರೆಗೆ ಕಿಲುಬು ಹಿಡಿದ ಹಾಗೆ. ಸೋರಿದ್ದು ಕ್ಷಾರ, ಆದ್ದರಿಂದ ಹುಳಿ ಬೇಕು. ಹತ್ತಿ ಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒತ್ತಿದೆ. ಸಣ್ಣಗೆ ನೊರೆ ಬಂತು. ಕಡ್ಡಿ ಹಸಿರಾಗುವುದು ನಿಲ್ಲುವ ತನಕ ಹಾಗೇ ಒರೆಸಿದೆ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡು ದಿನ ಒಣಗಲು ಬಿಟ್ಟೆ. ನಿಜವಾದ ಏಟು ಕಂಡದ್ದು ಆಮೇಲೆ. ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಲೇಪದ ಕೆಳಗೆ ಕೆಲವು ಗೆರೆಗಳು ಕಪ್ಪಾಗಿದ್ದವು. ಬ್ಲೇಡ್ ತುದಿಯಿಂದ ಲೇಪ ಕೆರೆದೆ. ಮೂರು ಗೆರೆಗಳಲ್ಲಿ ಕೆಳಗೆ ತಾಮ್ರ ಹೊಳೆಯಿತು. ನಾಲ್ಕನೆಯದರಲ್ಲಿ ತಾಮ್ರವೇ ಇರಲಿಲ್ಲ, ಕಪ್ಪು ಪುಡಿ ಉದುರಿತು. ಮಲ್ಟಿಮೀಟರ್ ಎರಡು ತುದಿಗೆ ಹಿಡಿದರೆ ಸದ್ದಿಲ್ಲ. ಅದು ಕೀಬೋರ್ಡ್ ಚಿಪ್‌ಗೆ ಹೋಗುವ ಗೆರೆ. ಕೂದಲಿನಷ್ಟು ತೆಳುವಾದ ಎನಾಮಲ್ ವೈರ್ ಒಂದನ್ನು ಆ ತುದಿಯಿಂದ ಈ ತುದಿಗೆ ಬೆಸೆದ ಮೇಲೆ ಕೀಬೋರ್ಡ್ ಮಾತಾಡಿತು. ಇಷ್ಟು ನೋಡದೆ ಪ್ಲಗ್ ಹಾಕಿದ್ದರೆ ‘ಬೋರ್ಡ್ ಸತ್ತಿದೆ’ ಅಂತ ಬದಿಗಿಡುತ್ತಿದ್ದೆ.

ತೆಗೆದ ಬ್ಯಾಟರಿಯ ಜಾಗಕ್ಕೆ ನಾಣ್ಯದಂಥ ಲಿಥಿಯಂ ಸೆಲ್ ನೇರ ಬೆಸೆಯಬೇಡಿ. ಬೋರ್ಡ್ ಅದನ್ನೂ ಚಾರ್ಜ್ ಮಾಡಲು ನೋಡುತ್ತದೆ, ಅದು ಅಪಾಯ. ಮಧ್ಯೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಹಾಕಬೇಕು. ಅನೇಕ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆ ಅಂತಲೇ ನಾಲ್ಕು ಪಿನ್ ಇರುತ್ತವೆ, ಇದ್ದರೆ ಅದೇ ಒಳ್ಳೆಯ ದಾರಿ.

ಇನ್ನು ಪವರ್ ಸಪ್ಲೈ. ಹಿಂದುಗಡೆ 115, 230 ಅಂತ ಕೆಂಪು ಸ್ವಿಚ್ ಇದ್ದರೆ ನಿಮ್ಮಲ್ಲಿನ ವೋಲ್ಟೇಜಿಗೆ ಸರಿಯಾಗಿದೆಯಾ ನೋಡಿ. ಕೆಲವು ಹಳೇ ಸಪ್ಲೈಗಳಲ್ಲಿ ರೀಫಾ ಕಂಪನಿಯ ಪೇಪರ್ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಇರುತ್ತದೆ, ಗಾಜಿನಂಥ ಹಳದಿ ಮೈ. ಕಾಲ ಕಳೆದಂತೆ ಮೈ ಬಿರುಕು ಬಿಟ್ಟು ಒಳಗೆ ತೇವ ಸೇರುತ್ತದೆ, ಕರೆಂಟ್ ಕೊಟ್ಟ ಕೆಲವು ನಿಮಿಷಕ್ಕೆ ಮನೆ ತುಂಬ ಹೊಗೆ. ಬಿರುಕು ಕಂಡರೆ ಯೋಚನೆ ಬೇಡ, ಅದೇ ಅಳತೆಯ, ಎಕ್ಸ್2 ಅಂತ ಗುರುತಿರುವ ಹೊಸದು ಹಾಕಿಸಿ. ಸಪ್ಲೈ ಬಿಚ್ಚಿ ಅಭ್ಯಾಸ ಇಲ್ಲದವರು ಈ ಕೆಲಸವನ್ನು ಗೊತ್ತಿದ್ದವರಿಗೇ ಕೊಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಪ್ಲಗ್ ತೆಗೆದ ಮೇಲೂ. ಇನ್ನೊಂದು ಮಾತು. ಆ ಕಾಲದ ‘ಎಟಿ’ ಮಾದರಿಯ ಕ್ಯಾಬಿನೆಟ್‌ನಲ್ಲಿ ಮುಂದಿನ ಸ್ವಿಚ್‌ವರೆಗೂ ಗೋಡೆಯ ಕರೆಂಟೇ ಬರುತ್ತದೆ, ಅಲ್ಲಿ ಇನ್ಸುಲೇಷನ್ ಬಿಟ್ಟಿದೆಯಾ ನೋಡದೆ ಮುಟ್ಟಬೇಡಿ.

ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ, ನಿಮಗೆ ಬೇಡದ ಒಂದು ಡ್ರೈವ್ ಮಾತ್ರ ಅದಕ್ಕೆ ಚುಚ್ಚಿ ಆನ್ ಮಾಡಿ. ಹೊರೆ ಇಲ್ಲದೆ ಅನೇಕ ಹಳೇ ಸಪ್ಲೈಗಳು ಶುರುವಾಗುವುದಿಲ್ಲ. 5 ವೋಲ್ಟ್ ಇರಬೇಕಾದ ಕಡೆ 4.75ರಿಂದ 5.25ರೊಳಗೆ, 12 ಇರಬೇಕಾದ ಕಡೆ 11.4ರಿಂದ 12.6ರೊಳಗೆ ಬಂದರೆ ಆಗ ಬೋರ್ಡಿಗೆ ಜೋಡಿಸಿ. ಬೋರ್ಡಿಗೆ ಎರಡು ಕನೆಕ್ಟರ್ ಹೋಗುತ್ತವೆ, ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಇದನ್ನೆಲ್ಲ ಮಾಡಿದೆ. ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪು. ಬೀಪ್ ಕೂಡ ಇಲ್ಲ.

ಉತ್ತರ: ಸ್ಪೀಕರ್ ಜೋಡಿಸಿದ್ದೀರಾ? ನಿಜಕ್ಕೂ ಕೇಳುತ್ತಿದ್ದೇನೆ, ಆ ಚಿಕ್ಕ ಸ್ಪೀಕರ್ ಇಲ್ಲದಿದ್ದರೆ ಬೋರ್ಡ್ ಕೂಗಿದರೂ ನಿಮಗೆ ಕೇಳಿಸುವುದಿಲ್ಲ. ಅದಿದ್ದರೆ ಎಲ್ಲ ಕಾರ್ಡ್ ತೆಗೆದು ಬೋರ್ಡ್, ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಕಾರ್ಡ್ ಇಷ್ಟೇ ಉಳಿಸಿ. ರ‍್ಯಾಮನ್ನೂ ಕಾರ್ಡನ್ನೂ ತೆಗೆದು, ಅಂಚಿನ ಪಟ್ಟಿಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿ. ನನ್ನ ಅನುಭವದಲ್ಲಿ ‘ಸತ್ತ’ ಯಂತ್ರಗಳಲ್ಲಿ ಬಹಳಷ್ಟು ಇಷ್ಟಕ್ಕೇ ಎದ್ದಿವೆ. ಸಾಕೆಟ್‌ನಲ್ಲಿ ಕೂತಿರುವ ಬಯಾಸ್ ಚಿಪ್ಪನ್ನೂ (ಯಂತ್ರ ಶುರು ಮಾಡುವ ಪ್ರೋಗ್ರಾಂ ಇರುವುದು ಅದರಲ್ಲೇ) ಹುಷಾರಾಗಿ ಒತ್ತಿ ನೋಡಿ, ವರ್ಷಗಳ ಬಿಸಿಗೆ ತಂಪಿಗೆ ಚಿಪ್ ತಾನಾಗಿ ಮೇಲೇಳುತ್ತದೆ. ಚಿಪ್ಪಿನ ಬೆನ್ನಿಗೆ ಅಂಟಿಸಿದ ಸ್ಟಿಕ್ಕರ್ ಮಾತ್ರ ಕೀಳಬೇಡಿ. ಕೆಲವದರಲ್ಲಿ ಅದರ ಕೆಳಗೆ ಗಾಜಿನ ಕಿಟಕಿ ಇರುತ್ತದೆ, ಬಿಸಿಲು ಬಿದ್ದರೆ ಒಳಗಿನ ಪ್ರೋಗ್ರಾಂ ನಿಧಾನಕ್ಕೆ ಅಳಿಸಿಹೋಗುತ್ತದೆ.

ಆಗಲೂ ಸುಮ್ಮನಿದ್ದರೆ ಒಂದು ಪೋಸ್ಟ್ ಕಾರ್ಡ್ ಕೊಳ್ಳಿ, ಅಂಚೆಯದಲ್ಲ, ಬೋರ್ಡ್ ಆನ್ ಆಗುವಾಗ ಮಾಡಿಕೊಳ್ಳುವ ಸ್ವಯಂ ಪರೀಕ್ಷೆಯನ್ನು ತೋರಿಸುವ ಕಾರ್ಡ್. ಸ್ಲಾಟಿಗೆ ಹಾಕಿದರೆ ಬೋರ್ಡ್ ಯಾವ ಹಂತದಲ್ಲಿ ನಿಂತಿತು ಅಂತ ಎರಡು ಅಂಕೆಯ ಸಂಕೇತ ತೋರಿಸುತ್ತದೆ. ಸಪ್ಲೈ ಟಿಕ್ ಟಿಕ್ ಅಂತ ಶುರುವಾಗಿ ನಿಲ್ಲುತ್ತಿದ್ದರೆ ಎಲ್ಲೋ ಶಾರ್ಟ್ ಇದೆ ಅಂತ. ಮೊದಲ ಅನುಮಾನ ಟ್ಯಾಂಟಲಮ್ ಕೆಪಾಸಿಟರ್ ಮೇಲೆ ಇರಲಿ.

ಪ್ರಶ್ನೆ: ಕಮೊಡೋರ್ 64 ಒಂದು ಅಡಾಪ್ಟರ್ ಸಮೇತ ಬಂದಿದೆ. ಅಸಲಿ ಅಡಾಪ್ಟರ್, ಧೈರ್ಯವಾಗಿ ಹಾಕಬಹುದಲ್ವಾ?

ಉತ್ತರ: ಅಸಲಿಯಾಗಿರುವುದೇ ಇಲ್ಲಿ ತೊಂದರೆ. 1982ರಲ್ಲಿ ಬಂದ ಈ ಯಂತ್ರಕ್ಕೆ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡೂ ಬೇಕು. ಇಟ್ಟಿಗೆಯಂಥ ಆ ಅಡಾಪ್ಟರ್ ಒಳಗೆ ರಾಳ ಸುರಿದು ಮುಚ್ಚಿರುತ್ತಾರೆ, ಬಿಸಿ ಹೊರಗೆ ಹೋಗುವುದಿಲ್ಲ. ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟ್ ಕಡೆ ಅದಕ್ಕಿಂತ ಜಾಸ್ತಿ ಹರಿದು ರ‍್ಯಾಮ್ ಚಿಪ್‌ಗಳನ್ನು ಸುಟ್ಟುಬಿಡುತ್ತದೆ. ಇವತ್ತು ಅಳೆದಾಗ ಸರಿ ಇತ್ತು ಅಂದರೆ ನಾಳೆಗೆ ಖಾತ್ರಿಯಿಲ್ಲ. ಹೊಸದಾಗಿ ಮಾಡಿದ ಸಪ್ಲೈ ಸಿಗುತ್ತದೆ, ಅದನ್ನೇ ಹಾಕಿ, ಹಳೆಯದನ್ನು ನೆನಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಕ್ಯಾಬಿನೆಟ್, ಕೀಬೋರ್ಡ್ ಹಳದಿಯಾಗಿವೆ. ಬಿಳಿ ಮಾಡುವುದು ಹೇಗೆ?

ಉತ್ತರ: ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಿರಲಿ ಅಂತ ಬ್ರೋಮಿನ್ ಇರುವ ರಾಸಾಯನಿಕ ಸೇರಿಸುತ್ತಿದ್ದರು, ಬಿಸಿಲು ಮತ್ತು ಶಾಖಕ್ಕೆ ಅದು ಹಳದಿ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟರೆ ಬಿಳಿಯಾಗುತ್ತದೆ. ಸಮನಾಗಿ ಹಚ್ಚದಿದ್ದರೆ ಪಟ್ಟೆ ಪಟ್ಟೆ ಬರುತ್ತದೆ, ಮತ್ತು ಎಷ್ಟೋ ಸಲ ಹಳದಿ ವಾಪಸ್ ಬರುತ್ತದೆ. ನನ್ನ ಮಟ್ಟಿಗೆ, ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಹಳದಿಯನ್ನು ಹಾಗೇ ಬಿಡುತ್ತೇನೆ. ಅದು ಆ ಯಂತ್ರದ ವಯಸ್ಸು.

ಪ್ರಶ್ನೆ: ಒಂದು ಡಬ್ಬಿ ಫ್ಲಾಪಿಗಳು ಸಿಕ್ಕಿವೆ. ಕೆಲವದರಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಯುಎಸ್‌ಬಿ ಡ್ರೈವ್‌ಗೆ ಹಾಕಿ ಓದಬಹುದಾ?

ಉತ್ತರ: ಚುಕ್ಕೆ ಇರುವುದನ್ನು ಒರೆಸದೆ ಹಾಕಲೇಬೇಡಿ, ಅದು ಬೂಷ್ಟು. ಒಂದು ಫ್ಲಾಪಿಯ ಬೂಷ್ಟು ಡ್ರೈವಿನ ಓದುವ ಹೆಡ್‌ಗೆ ಮೆತ್ತಿಕೊಂಡರೆ ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಗಳನ್ನೂ ಗೀಚಿ ಹಾಳು ಮಾಡುತ್ತದೆ. ಶಟರ್ ಸರಿಸಿ, ಮಧ್ಯದ ಲೋಹದ ಗುಬುಟನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸುತ್ತಾ, ಎರಡೂ ಬದಿ ಬೆಳಕಿಗೆ ಹಿಡಿದು ನೋಡಿ. ಶುದ್ಧ ಇರುವುದನ್ನು ಒಂದು ಗುಂಪು ಮಾಡಿ, ಬರೆಯದಂತೆ ತಡೆಯುವ ಕಿಂಡಿ ತೆರೆದು, ಮೊದಲು ಅವನ್ನು ಓದಿ. ಚುಕ್ಕೆ ಇರುವುದನ್ನು ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಮೆಲ್ಲಗೆ ಒರೆಸಿ, ಕೊನೆಗೆ ಓದಿ, ಪ್ರತಿ ಫ್ಲಾಪಿ ಆದ ಮೇಲೂ ಹೆಡ್ ಒರೆಸಿ.

ಯುಎಸ್‌ಬಿ ಡ್ರೈವ್ ಪಿಸಿಯ 1.44 ಎಂಬಿ ಫ್ಲಾಪಿಗೆ ಸಾಕು. ಕಮೊಡೋರ್ ಕಂಪನಿಯದೇ ಅಮಿಗಾ ಕಂಪ್ಯೂಟರಿನ 880 ಕೆಬಿ ಫ್ಲಾಪಿಯನ್ನು ಅದು ಓದುವುದಿಲ್ಲ, ಬರೆಯುವ ರೀತಿಯೇ ಬೇರೆ. ಅದಕ್ಕೆ ಗ್ರೀಸ್‌ವೀಸಲ್ ಅನ್ನುವ ಚಿಕ್ಕ ಬೋರ್ಡ್ ಇದೆ. ಹಳೇ ಫ್ಲಾಪಿ ಡ್ರೈವ್ ಅದಕ್ಕೆ ಜೋಡಿಸಿದರೆ ಫ್ಲಾಪಿ ಮೇಲಿನ ಕಾಂತದ ಏರಿಳಿತವನ್ನೇ ನಕಲು ಮಾಡುತ್ತದೆ, ಅರ್ಥ ಬಿಡಿಸುವುದು ಆಮೇಲೆ ನಿಧಾನಕ್ಕೆ. ‘ಫಾರ್ಮ್ಯಾಟ್ ಮಾಡಲೇ’ ಅಂತ ಕಂಪ್ಯೂಟರ್ ಕೇಳಿದರೆ ಬೇಡ ಅನ್ನಿ.

ಪ್ರಶ್ನೆ: ಸಿಕ್ಕ ಯಂತ್ರದ ಹಾರ್ಡ್ ಡಿಸ್ಕ್ ಇನ್ನೂ ತಿರುಗುತ್ತದೆ. ಒಳಗೆ ಯಾರದೋ ಪತ್ರ, ಲೆಕ್ಕ ಎಲ್ಲ ಇರುವ ಹಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಆಫ್ ಮಾಡಿ. ಆ ಡಿಸ್ಕ್ ಇನ್ನೆಷ್ಟು ಸಲ ತಿರುಗುತ್ತದೋ ಗೊತ್ತಿಲ್ಲ, ಅದರಲ್ಲಿ ಒಂದು ಸಲವನ್ನೂ ವಿಂಡೋಸ್ ಶುರುವಾಗುವುದನ್ನು ನೋಡಲು ಖರ್ಚು ಮಾಡಬಾರದು. ಮುಂದಿನ ಸಲ ತಿರುಗಿದಾಗ ಪೂರ್ತಿ ನಕಲು ಇಳಿಯಬೇಕು. ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಇದಕ್ಕೆ ಒಳ್ಳೆಯದು, ಓದಲು ಬಂದ ಭಾಗ ಮೊದಲು ತೆಗೆದುಕೊಂಡು ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಐಡಿಇ ಅನ್ನುವ ಹಳೇ ಜೋಡಣೆಯ ಬಹಳ ಹಿಂದಿನ ಡಿಸ್ಕ್‌ಗಳು ಯುಎಸ್‌ಬಿ ಅಡಾಪ್ಟರ್‌ಗೆ ಸಿಗುವುದಿಲ್ಲ, ಐಡಿಇ ಪೋರ್ಟ್ ಇರುವ ಹಳೇ ಪಿಸಿಯೇ ಬೇಕು. ಅದಕ್ಕೂ ಹಿಂದಿನ, ಎಂಎಫ್ಎಂ ಅನ್ನುವ ಬಗೆಯ ಡಿಸ್ಕ್ ಆದರೆ ಅದರ ಜೊತೆ ಬಂದ ಕಂಟ್ರೋಲರ್ ಕಾರ್ಡನ್ನು ಬೇರೆ ಮಾಡಬೇಡಿ, ಬೇರೆ ಕಾರ್ಡಿಗೆ ಹಾಕಿದರೆ ಒಳಗಿರುವುದು ಓದಲು ಬಾರದೇ ಹೋಗಬಹುದು. ಡಿಸ್ಕಿನ ಲೇಬಲ್ ಮೇಲೆ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ಬ್ಯಾಟರಿ ತೆಗೆದ ಬೋರ್ಡಿಗೆ ಅದೊಂದೂ ನೆನಪಿಲ್ಲ, ನೀವೇ ತುಂಬಬೇಕು.

ಯಂತ್ರವನ್ನು ದಿನಾ ಓಡಿಸಲು ಡಿಸ್ಕಿನ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ. ಹಳೇ ಬಯಾಸ್‌ಗೆ 504 ಎಂಬಿಗಿಂತ ಮೇಲೆ ಕಾಣುವುದಿಲ್ಲ, ಆ ಕಾಲದ ಡಾಸ್ ಆಪರೇಟಿಂಗ್ ಸಿಸ್ಟಮ್‌ಗೆ ಅಷ್ಟು ಧಾರಾಳ ಸಾಕು.

ಇನ್ನು ಪತ್ರಗಳ ವಿಷಯ. ಆ ಯಂತ್ರದ ಡ್ರೈವರ್‌ಗಳು, ಕಾರ್ಡಿನ ಜೊತೆ ಬಂದ ಸೆಟಪ್ ಪ್ರೋಗ್ರಾಂಗಳು, ಇವು ಬೇರೆಲ್ಲೂ ಸಿಗದೇ ಹೋಗಬಹುದು, ಅವನ್ನು ಜೋಪಾನವಾಗಿ ಎತ್ತಿಡಿ, ಬೇಕಾದವರಿಗೆ ಕೊಡಿ. ಪತ್ರ ನಿಮ್ಮದಲ್ಲ. ತೆರೆದು ಓದಬೇಡಿ, ಫೋಟೊ ಹಾಕಬೇಡಿ. ಯಂತ್ರ ಯಾರಿಂದ ಬಂತು ಅಂತ ಗೊತ್ತಿದ್ದರೆ ಹೋಗಿ ಕೇಳಿ, ಬೇಕಾ ಅಂತ. ಒಮ್ಮೆ ಹೀಗೆ ಕೇಳಿದಾಗ ಆ ಮನೆಯವರು ಪೆನ್‌ಡ್ರೈವ್ ಹಿಡಿದು ಅವತ್ತೇ ಬಂದರು, ತೀರಿಕೊಂಡ ಅಣ್ಣ ಟೈಪ್ ಮಾಡಿದ್ದು ಅದರಲ್ಲಿತ್ತಂತೆ. ಗೊತ್ತಿಲ್ಲದಿದ್ದರೆ, ಇಲ್ಲವೇ ಬೇಡ ಅಂದರೆ, ಡ್ರೈವರ್‌ಗಳನ್ನು ಬೇರೆ ತೆಗೆದುಕೊಂಡು ನಿಮ್ಮ ನಕಲನ್ನು ಅಳಿಸಿ, ಡಿಸ್ಕಿನ ಮೇಲೆ ಪೂರ್ತಿ ಸೊನ್ನೆ ಬರೆಯಿರಿ. ಬರೀ ಡಿಲೀಟ್ ಒತ್ತಿದರೆ ಏನೂ ಹೋಗಿರುವುದಿಲ್ಲ.