ಕಂಪ್ಯೂಟರ್ ನಕ್ಷೆಯಲ್ಲಿ ಜಮೀನು ಕೆಂಪಗಿದೆ ಅಂತ 2 ಎಕರೆ ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ದೊಡ್ಡಬಳ್ಳಾಪುರದ ಆಚೆ 2 ಎಕರೆ ಜಮೀನು ತೋರಿಸಿದವರು ಜೊತೆಗೊಂದು ಬಣ್ಣದ ನಕ್ಷೆಯನ್ನೂ ತೋರಿಸಿದ್ದಾರೆ. 2040ಕ್ಕೆ ಆ ಭಾಗವೆಲ್ಲ ಕೆಂಪು, ಅಂದರೆ ಕಟ್ಟಡಗಳು. "ಕಂಪ್ಯೂಟರ್ ಮಾಡೆಲ್ ಹೇಳಿದ್ದು ಸಾರ್, 92% ನಿಖರ" ಅಂದಿದ್ದಾರೆ. ನಂಬಬಹುದಾ ಅಂತ ಕೇಳಿದ್ದೀರಿ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಮಗಳು ಇಂಥದ್ದನ್ನು ತಾನೇ ಮಾಡಿ ನೋಡಬಹುದಾ ಅಂತಲೂ ಕೇಳಿದ್ದೀರಿ.

ನಾನು ಉಪಗ್ರಹ ಚಿತ್ರ, ನಕ್ಷೆಗಳ ಕೆಲಸದವನು. ಇಂಥ ಮಾಡೆಲ್‌ಗಳನ್ನು ಓಡಿಸಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನ ಉತ್ತರಕ್ಕೆ ಇನ್ನೆಷ್ಟು ಹೊಲ ಕಟ್ಟಡವಾಗಬಹುದು ಅಂತ ಕೇಳಿದರೆ ಮಾಡೆಲ್ ಒಂದು ಮಟ್ಟಿಗೆ ಹೇಳುತ್ತದೆ. ಯಾವ ದಿಕ್ಕಿಗೆ ಜಾಸ್ತಿ ಅಂದರೆ ಅದನ್ನೂ ಸುಮಾರಾಗಿ ಹೇಳುತ್ತದೆ. ಯಾವ ಸರ್ವೆ ನಂಬರ್ ಅಂದರೆ ಅದರ ಹತ್ತಿರ ಉತ್ತರ ಇಲ್ಲ. ನಿಮಗೆ ಮಾರುತ್ತಿರುವುದು ಆ ಇಲ್ಲದ ಉತ್ತರವನ್ನು.

ಒಳಗೆ ಏನು ನಡೆಯುತ್ತದೆ ಅಂತ ನೋಡಿದರೆ ಕಾರಣ ಗೊತ್ತಾಗುತ್ತದೆ. ಈ ಕೆಲಸಕ್ಕೆ ತುಂಬಾ ಬಳಕೆಯಾದ ಮಾಡೆಲ್ ಒಂದಿದೆ, ಹೆಸರು ಸ್ಲೂತ್. ಕೀತ್ ಕ್ಲಾರ್ಕ್ ಎಂಬ ಭೂಗೋಳ ತಜ್ಞರು ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಕಟ್ಟಿದ್ದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳು ಹೇಗೆ ಹಬ್ಬಿದವು ಅನ್ನುವುದರ ಮೇಲೆ ಅದನ್ನು ಪಳಗಿಸಿದರು. ಅದು ನೆಲವನ್ನು ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಪ್ರತಿ ಚೌಕಕ್ಕೂ ಕೆಲವು ವಿಷಯ ಗೊತ್ತಿರುತ್ತದೆ: ಇಳಿಜಾರು ಎಷ್ಟು, ಈಗ ಹೊಲವೋ ತೋಪೋ ಮನೆಯೋ, ರಸ್ತೆ ಎಷ್ಟು ಹತ್ತಿರ, ಕಟ್ಟಲು ನಿಷೇಧ ಇದೆಯೋ ಇಲ್ಲವೋ. ಆಮೇಲೆ ವರ್ಷಕ್ಕೊಂದು ಸುತ್ತು ಓಡುತ್ತದೆ. ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದೆರಡು ಚೌಕ ಸುಮ್ನೆ ಒಂಟಿಯಾಗಿ ಊರಾಗುತ್ತವೆ. ಅಂಥ ಒಂಟಿ ಚೌಕಗಳಲ್ಲಿ ಕೆಲವು ಹೊಸ ಬಡಾವಣೆಯ ಬೀಜವಾಗುತ್ತವೆ. ಹಳೆಯ ಊರಿನ ಅಂಚು ಹೊರಕ್ಕೆ ಸರಿಯುತ್ತದೆ. ಇನ್ನು ಕೆಲವು ರಸ್ತೆ ಹುಡುಕಿಕೊಂಡು ಹೋಗಿ ಅದರ ಪಕ್ಕ ಕೂರುತ್ತವೆ. ಚೌಕಾಬಾರ ಆಡಿದ್ದರೆ ಇದು ಹೊಸದೆನಿಸುವುದಿಲ್ಲ: ಕಾಯಿ ನಡೆಸುವ ದಾರಿ ನಿಯಮದ್ದು, ಎಷ್ಟು ಮನೆ ಅನ್ನುವುದು ಕವಡೆಯದು.

ಈ ನಿಯಮಗಳಿಗೆ ಎಷ್ಟೆಷ್ಟು ಬಲ ಕೊಡಬೇಕು ಅನ್ನುವುದೇ ನಿಜವಾದ ಕೆಲಸ. ಚೆದುರುವಿಕೆ, ಬೀಜ ಹುಟ್ಟುವಿಕೆ, ಅಂಚಿನ ಹರಡುವಿಕೆ, ಇಳಿಜಾರಿನ ತಡೆ, ರಸ್ತೆಯ ಸೆಳೆತ, ಹೀಗೆ ಐದು ಅಂಕಿಗಳು. ಪ್ರತಿಯೊಂದೂ 100ರವರೆಗೆ ಹೋಗಬಹುದು. ಐದರ ಎಲ್ಲಾ ಜೋಡಣೆಗಳನ್ನೂ ಪರೀಕ್ಷಿಸಲು ಹೊರಟರೆ ಸಾವಿರ ಕೋಟಿ ಆಗುತ್ತವೆ. ಹಾಗಾಗಿ ಮೊದಲು 25ರ ಅಂತರದಲ್ಲಿ 3125 ಜೋಡಣೆ ಓಡಿಸಿ, ಚೆನ್ನಾಗಿ ಹೊಂದಿದ್ದರ ಸುತ್ತಮುತ್ತ ಮತ್ತೆ ಹುಡುಕುತ್ತಾರೆ. ಹೊಂದುವುದು ಅಂದರೆ ಏನು? ಕಳೆದ ಕೆಲವು ದಶಕಗಳ ಹಳೆಯ ನಕ್ಷೆಗಳನ್ನು ಮಾಡೆಲ್ ಮತ್ತೆ ಹುಟ್ಟಿಸಬೇಕು, ಅಷ್ಟೇ. ಬೆಂಗಳೂರು ನಿನ್ನೆಯವರೆಗೆ ಹೇಗೆ ಹಬ್ಬಿತೋ ನಾಳೆಯೂ ಅದೇ ಗುಣದಲ್ಲಿ ಹಬ್ಬುತ್ತದೆ ಅಂತ ಅದು ನಂಬಿಕೊಂಡಿರುತ್ತದೆ.

ಈಗ ನಿಮಗೆ ತೋರಿಸಿದ ಕೆಂಪು ಬಣ್ಣಕ್ಕೆ ಬರೋಣ. ಕವಡೆ ಇದೆ ಅಂದಮೇಲೆ ಒಂದೇ ಸಲ ಓಡಿಸಿದರೆ ಪ್ರಯೋಜನ ಇಲ್ಲ. ಅದಕ್ಕೇ 100 ಸಲ ಓಡಿಸುತ್ತಾರೆ ಅನ್ನಿ. ಒಂದು ಚೌಕ ಅದರಲ್ಲಿ 35 ಸಲ ಊರಾಯಿತು, ಪಕ್ಕದ್ದು 80 ಸಲ ಆಯಿತು. ಮಾಡೆಲ್‌ನಿಂದ ಹೊರಬರುವುದು ಈ ಸಂಭವದ ನಕ್ಷೆ. ಅದಕ್ಕೆ ತಿಳಿಯಿಂದ ಗಾಢದವರೆಗೆ ಬಣ್ಣ ಇರಬೇಕು. ಎಲ್ಲಾ ಒಂದೇ ಕೆಂಪಾಗಿದ್ದರೆ ಯಾರೋ ಒಂದು ಗಡಿ ಇಟ್ಟಿದ್ದಾರೆ ಅಂತ ಅರ್ಥ: 50 ದಾಟಿದ್ದೆಲ್ಲ ಕೆಂಪು ಅಂತಲೋ, 30 ದಾಟಿದ್ದೆಲ್ಲ ಕೆಂಪು ಅಂತಲೋ. ಗಡಿ ಎಲ್ಲಿಟ್ಟಿದ್ದೀರಿ ಅಂತ ಕೇಳಿ ನೋಡಿ. ಉತ್ತರ ಬರದಿದ್ದರೆ ಆ ನಕ್ಷೆ ಮಡಚಿಡಿ.

ಚೌಕದ ಅಳತೆಯನ್ನೂ ಕೇಳಿ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಸುಮಾರು 9 ಗುಂಟೆ. ನಿಮ್ಮ 2 ಎಕರೆಗೆ ಇಂಥವು ಹೆಚ್ಚುಕಡಿಮೆ 9 ಬರುತ್ತವೆ. ದೊಡ್ಡ ಪ್ರದೇಶವಾದರೆ ಕಂಪ್ಯೂಟರ್‌ಗೆ ಭಾರವಾಗುತ್ತದೆ ಅಂತ ಚೌಕವನ್ನು 100 ಮೀಟರ್‌ಗೆ ಹಿಗ್ಗಿಸುವುದೂ ಉಂಟು. ಆಗ ಒಂದು ಚೌಕವೇ ಎರಡೂವರೆ ಎಕರೆ. ನಿಮ್ಮ ಜಮೀನು ಅದರೊಳಗೆ ಪೂರ್ತಿ ಮುಳುಗಿಹೋಗುತ್ತದೆ.

92% ನಿಖರ ಅಂದರಲ್ಲ, ಅದು ಸುಳ್ಳೇ ಆಗಿರಬೇಕಿಲ್ಲ. ನಿಜವಾಗಿದ್ದರೂ ಅದಕ್ಕೆ ಬೆಲೆ ಇಲ್ಲದೆ ಇರಬಹುದು. 100 ಚೌಕ ಇವೆ ಅನ್ನಿ. 10 ವರ್ಷದಲ್ಲಿ ಅದರಲ್ಲಿ 8 ಮಾತ್ರ ಹೊಲದಿಂದ ಊರಾದವು. ಈಗ ನಾನು ಯಾವ ಮಾಡೆಲ್ಲೂ ಇಲ್ಲದೆ "ಏನೂ ಬದಲಾಗುವುದಿಲ್ಲ" ಅಂದರೂ 92% ನಿಖರ! ಬದಲಾಗದ ಚೌಕಗಳೇ ಅಂಕ ತಂದುಕೊಡುತ್ತವೆ. ಹಾಗಾಗಿ ಕೇಳಬೇಕಾದ ಲೆಕ್ಕ ಬೇರೆ. ನಿಜವಾಗಿ ಬದಲಾದ ಚೌಕಗಳನ್ನೂ ಬದಲಾಗುತ್ತವೆ ಅಂತ ಮಾಡೆಲ್ ಹೇಳಿದ ಚೌಕಗಳನ್ನೂ ಒಟ್ಟು ಸೇರಿಸಿ, ಅದರಲ್ಲಿ ಎರಡಕ್ಕೂ ತಾಳೆಯಾದವು ಎಷ್ಟು ಅಂತ ನೋಡಬೇಕು. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಗಿಲ್ಮೋರ್ ಪಾಂಟಿಯಸ್ ಮತ್ತು ಇತರರು 2008ರಲ್ಲಿ ಹೆಸರಾಂತ 9 ಮಾಡೆಲ್‌ಗಳ 13 ಪ್ರಯೋಗಗಳನ್ನು ಹೀಗೆ ಪರೀಕ್ಷಿಸಿದರು. ಮೂಲ ಚೌಕದ ಮಟ್ಟದಲ್ಲಿ 13ರಲ್ಲಿ 12 ಪ್ರಯೋಗಗಳಿಗೆ ಸರಿಯಾಗಿ ಹೇಳಿದ ಬದಲಾವಣೆಗಿಂತ ತಪ್ಪೇ ಜಾಸ್ತಿ ಇತ್ತು. ಇವನ್ನು ಮಾಡಿದವರು ಸಣ್ಣಪುಟ್ಟವರಲ್ಲ, ಆ ಮಾಡೆಲ್‌ಗಳಲ್ಲಿ ಪಳಗಿದವರು. ಜಮೀನು ತೋರಿಸುವವರ ಟ್ಯಾಬ್ಲೆಟ್‌ನಲ್ಲಿರುವ ನಕ್ಷೆ ಅವರಿಗಿಂತ ಚೆನ್ನಾಗಿರುತ್ತಾ?

ಚೌಕಗಳನ್ನು ದೊಡ್ಡ ಗುಂಪುಗಳಾಗಿ ನೋಡಿದರೆ ತಪ್ಪು ಕಡಿಮೆಯಾಗುತ್ತದೆ. ಈ ಹೊಲದ ಬದಲು ಪಕ್ಕದ ಹೊಲ ಬಡಾವಣೆಯಾದರೆ ಹೋಬಳಿಯ ಲೆಕ್ಕದಲ್ಲಿ ಎರಡೂ ಒಂದೇ. ಒಳಚರಂಡಿ ಹಾಕುವವರಿಗೆ ಅಷ್ಟು ಸಾಕು. ನಿಮಗೆ ಸಾಲದು.

ಇನ್ನೊಂದು ದೊಡ್ಡ ತೊಡಕು ನಮ್ಮ ಕಾಯ್ದೆ ಕಾನೂನುಗಳದ್ದು. ಮಾಡೆಲ್‌ಗೆ "ಇಲ್ಲಿ ಕಟ್ಟಬಾರದು" ಅಂತ ಒಂದು ಪದರ ಕೊಡಬೇಕು ಅಂದೆನಲ್ಲ. ಬೆಂಗಳೂರಿನ ಕೆರೆಗಳನ್ನೇ ತೆಗೆದುಕೊಳ್ಳಿ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಬಿಡಬೇಕು ಅಂತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಮತ್ತೆ ಮಾಸ್ಟರ್ ಪ್ಲಾನಿನ 30 ಮೀಟರ್ ಬಂತು. ನಡುವೆ 2017ರಲ್ಲಿ ನಕ್ಷೆ ಮಾಡಿದವರ ಲೆಕ್ಕ ಏನಾಗಬೇಕು? ಹಾಗೆಯೇ 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕೈಬಿಟ್ಟರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ನೀವು ಈ ಪ್ರಶ್ನೆ ಕೇಳುತ್ತಿರುವುದೂ ಅದರಿಂದಲೇ ಇರಬಹುದು. 2020ಕ್ಕಿಂತ ಹಿಂದಿನ ನಕ್ಷೆಗಳಿಂದ ಕಲಿತ ಮಾಡೆಲ್‌ಗೆ ನಿಮ್ಮಂಥ ಕೊಳ್ಳುವವರು ಗೊತ್ತೇ ಇಲ್ಲ. 2000ದವರೆಗಿನ ನಕ್ಷೆಗಳಿಂದ ಕಲಿತದ್ದಕ್ಕೆ 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣ ಗೊತ್ತಿರುವುದಿಲ್ಲ, ನಾವಾಗಿ ಹೇಳದ ಹೊರತು.

ಜನಸಂಖ್ಯೆಯೂ ಅಷ್ಟೇ. ಬೆಂಗಳೂರು ನಗರ ಜಿಲ್ಲೆ 2001ರಲ್ಲಿ 65 ಲಕ್ಷ ಇದ್ದದ್ದು 2011ಕ್ಕೆ 96 ಲಕ್ಷ ಆಯಿತು. ದೊಡ್ಡಬಳ್ಳಾಪುರ ಸೇರಿದ ಗ್ರಾಮಾಂತರ ಜಿಲ್ಲೆ 2011ರಲ್ಲಿ 10 ಲಕ್ಷಕ್ಕೆ ಸ್ವಲ್ಪ ಕಡಿಮೆ. 2021ರಲ್ಲಿ ಗಣತಿ ಆಗಲೇ ಇಲ್ಲ. ಆಮೇಲಿನದ್ದೆಲ್ಲ ಅಂದಾಜು. ಆ ಅಂದಾಜಿನ ಮೇಲೆ 2040ರ ಅಂದಾಜು ನಿಂತಿರುತ್ತದೆ.

ಹಾಗಾದರೆ ಮಾಡೆಲ್ ದಂಡವಾ ಅಂದರೆ, ಖಂಡಿತ ಅಲ್ಲ. "ಹೀಗೆ ಮಾಡಿದರೆ ಏನಾಗುತ್ತದೆ" ಅಂತ ಕೇಳುವುದಕ್ಕೆ ಅದರಂಥ ಸಾಧನ ಇನ್ನೊಂದಿಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ದಾಟಿ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರೋಡನ್ನು ಒಮ್ಮೆ ಸೇರಿಸಿ ಓಡಿಸಿ, ಒಮ್ಮೆ ತೆಗೆದು ಓಡಿಸಿ. ಎರಡರ ವ್ಯತ್ಯಾಸ ನೋಡಿ. ಅರ್ಕಾವತಿ ಕಣಿವೆಯ ಕೆರೆಗಳ ಸುತ್ತ 30 ಮೀಟರ್ ಬಿಟ್ಟರೆ ಹೇಗೆ, 75 ಬಿಟ್ಟರೆ ಹೇಗೆ ಅಂತ ಹೋಲಿಸಿ. ಆ ವ್ಯತ್ಯಾಸದ ಮೇಲೆ ಮಾತಾಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದ 2010ರವರೆಗಿನ ಬೆಂಗಳೂರನ್ನು ಉಪಗ್ರಹ ಚಿತ್ರಗಳಲ್ಲಿ ಅಳೆದಾಗ ಕಟ್ಟಡ ಪ್ರದೇಶ 584% ಹೆಚ್ಚಿತ್ತು, ಹಸಿರು 66% ಮತ್ತು ನೀರಿನ ಹರವು 74% ಕುಗ್ಗಿತ್ತು. ಇಂಥ ಓಟ ಹೀಗೇ ಮುಂದುವರಿದರೆ ನೀರು ಎಲ್ಲಿ ನಿಲ್ಲಬೇಕು ಅಂತ ಯೋಚಿಸಲು ಮಾಡೆಲ್ ಬೇಕೇ ಬೇಕು. ಯೋಜನೆ ಮಾಡುವವರು ಅದನ್ನು ಇನ್ನೂ ಜಾಸ್ತಿ ಬಳಸಬೇಕಿತ್ತು ಅಂತ ನನ್ನ ಅಭಿಪ್ರಾಯ, ಅದು ಬೇರೆ ಮಾತು.

ಜಮೀನಿನ ವಿಷಯಕ್ಕೆ ನೀವು ನೋಡಬೇಕಾದ್ದು ಬೇರೆಯೇ ಇದೆ. ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರ್ ತಾಳೆ ನೋಡಿ. ಪಹಣಿಯಲ್ಲಿ ಖರಾಬು ಎಷ್ಟಿದೆ, ಗೋಮಾಳದ ಒತ್ತುವರಿ ಇದೆಯಾ, ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಗೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಬರುತ್ತದಾ, ಮಾಸ್ಟರ್ ಪ್ಲಾನಿನಲ್ಲಿ ಯಾವ ವಲಯ, ರಸ್ತೆಗೆ ಭೂಸ್ವಾಧೀನದ ನೋಟಿಸ್ ಆಗಿದೆಯಾ, ಇವನ್ನೆಲ್ಲ ವಕೀಲರ ಹತ್ತಿರ ತೋರಿಸಿ. ಅಣ್ಣತಮ್ಮಂದಿರ ಪಾಲಿನ ಕೇಸು ಕೋರ್ಟಿನಲ್ಲಿದ್ದರೆ ಸುತ್ತ ಎಲ್ಲಾ ಊರಾದರೂ ಆ ಹೊಲ ಹಾಗೇ ಇರುತ್ತದೆ. ಯಾವ ಮಾಡೆಲ್‌ಗೂ ಅದು ಕಾಣುವುದಿಲ್ಲ.

ಇನ್ನು ಮಗಳ ಪ್ರಾಜೆಕ್ಟ್. ಖಂಡಿತ ಮಾಡಬಹುದು, ಖರ್ಚೂ ಇಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶವೂ ಉಚಿತ, ಅದಕ್ಕೆ ಈ ಕೆಲಸದ ಪ್ಲಗಿನ್‌ಗಳೂ ಸಿಗುತ್ತವೆ. ಅವಳ ಸಮಯವೆಲ್ಲ ಹೋಗುವುದು ಮಾಡೆಲ್‌ಗಲ್ಲ, ಹಳೆಯ ನಕ್ಷೆ ಸರಿಮಾಡುವುದಕ್ಕೆ. ನಮ್ಮ ಬಯಲುಸೀಮೆಯಲ್ಲಿ ರಾಗಿ ಕೊಯ್ದ ಒಣ ಹೊಲ ಬೇಸಿಗೆಯ ಚಿತ್ರದಲ್ಲಿ ಕಟ್ಟಡದ ಹಾಗೇ ಕಾಣುತ್ತದೆ. ಪಾಲಿಹೌಸ್ ಚಾವಣಿ ಹೊಳೆದು ಕಾರ್ಖಾನೆ ಅನಿಸಿಕೊಳ್ಳುತ್ತದೆ. ಸೈಟಿನ ಕಲ್ಲು ನೆಟ್ಟು ಮಣ್ಣಿನ ರಸ್ತೆ ಬಿಟ್ಟ ಲೇಔಟ್, ಮಾರಾಟ ಪೂರ್ತಿ ಮುಗಿದಿದ್ದರೂ, ಬೀಳು ಭೂಮಿ ಅಂತ ಬರುತ್ತದೆ. ನೀಲಗಿರಿ ತೋಪು ಕಾಡಾಗಿಬಿಡುತ್ತದೆ. ಅದಕ್ಕೆ ಒಂದೇ ವರ್ಷದ ಎರಡು ಚಿತ್ರ ತೆಗೆದುಕೊಳ್ಳಲಿ, ಒಂದು ಬೇಸಿಗೆಯದು, ಇನ್ನೊಂದು ಮಳೆ ನಿಂತ ಮೇಲಿನದು. ಮಳೆಗೆ ಹಸಿರಾಗುವ ಕಟ್ಟಡ ಇಲ್ಲ.

2005ಕ್ಕೆ ಲ್ಯಾಂಡ್‌ಸ್ಯಾಟ್ 5ರ ಚಿತ್ರ ಬಳಸಲಿ. ಲ್ಯಾಂಡ್‌ಸ್ಯಾಟ್ 7ರಲ್ಲಿ 2003ರಿಂದ ಒಂದು ಭಾಗ ಕೆಟ್ಟು ಚಿತ್ರದಲ್ಲಿ ಪಟ್ಟೆ ಪಟ್ಟೆ ಖಾಲಿ ಬರುತ್ತದೆ. 2015ಕ್ಕೆ ಲ್ಯಾಂಡ್‌ಸ್ಯಾಟ್ 8 ಇದೆ. ಈ ಎರಡರಿಂದ ಮಾಡೆಲ್‌ಗೆ ಕಲಿಸಿ 2025ನ್ನು ಊಹಿಸಲಿ. ಆಮೇಲೆ 2025ರ ನಿಜವಾದ ಚಿತ್ರದ ಜೊತೆ ಇಟ್ಟು, "ಏನೂ ಬದಲಾಗಲ್ಲ" ಅನ್ನುವ ಸೋಮಾರಿ ಊಹೆಗಿಂತ ಎಷ್ಟು ಮೇಲು ಅಂತ ಲೆಕ್ಕ ಹಾಕಲಿ. ಅದರಲ್ಲಿ ಗೆದ್ದ ಮೇಲೆ 2040ಕ್ಕೆ ಹೋಗಬಹುದು. ಇಷ್ಟನ್ನು ಮಾಡಿದ್ದೀರಾ ಅಂತ ಜಮೀನು ತೋರಿಸಿದವರನ್ನೂ ಕೇಳಿ, ಏನು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ.